ತೂಕ ಏರುವಾಗಲೇ ಕಬ್ಬಿಣ ಇಳಿಯುತ್ತದೆ

(ಹಾಸನದಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು ಮತ್ತು ತಿಂಗಳು ತುಂಬುವ ಮೊದಲೇ ಹೆರಿಗೆಯಾದ ಕೆಲವು ತಾಯಂದಿರ ಮುಂದೆ ಮಕ್ಕಳ ವೈದ್ಯೆಯೊಬ್ಬರು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಹಳಬರು ಒಂದು ಮಾತು ಹೇಳುತ್ತಾರೆ. ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯಲ್ಲ ಅಂತ. ಇವತ್ತಿಗೂ ವಾರ್ಡಿನ ಹೊರಗೆ ಕೂತು ಇದನ್ನೇ ಹೇಳಿ ಬಾಣಂತಿಯನ್ನು ಅಳಿಸುವವರಿದ್ದಾರೆ. ಈ ಮಾತಿಗೆ ಯಾವ ಆಧಾರವೂ ಇಲ್ಲ. ಹೊಟ್ಟೆಯಲ್ಲಿ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗುವಿಗೆ ಲಾಭವೇ. ಅದೂ ಅಲ್ಲದೆ, ಉಳಿಯುತ್ತೋ ಇಲ್ಲವೋ ಅನ್ನುವ ಭಯ ಮೊದಲಿನಷ್ಟು ಈಗ ಇಲ್ಲ. ಜಿಲ್ಲಾಸ್ಪತ್ರೆಗಳಲ್ಲಿ ಹಸುಗೂಸುಗಳ ವಿಶೇಷ ಆರೈಕೆ ಘಟಕ, ಅಂದರೆ ಎಸ್‌ಎನ್‌ಸಿಯು ಇದೆ. ಒಂದೂವರೆ ಕೆಜಿ ಮಗು ಗಾಜಿನ ಪೆಟ್ಟಿಗೆಯಲ್ಲಿದ್ದು, ಆಮೇಲೆ ಕಾಂಗರೂ ಆರೈಕೆಯಲ್ಲಿ ಅಮ್ಮನ ಎದೆಗೆ ಅಂಟಿಕೊಂಡು ಬೆಳೆದು ಮನೆಗೆ ಹೋಗುವುದು ಈಗ ದೊಡ್ಡ ಸುದ್ದಿಯೇನಲ್ಲ.

ನನ್ನ ಮಾತು ಶುರುವಾಗುವುದು ಆ ಮಗು ಮನೆಗೆ ಹೋದ ಮೇಲೆ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಇರುತ್ತದೆ: ಐರನ್ ಡ್ರಾಪ್ಸ್, ದಿನಕ್ಕೆ ಇಷ್ಟು. ಮೊದಲ ಬಾಟಲಿ ಎಲ್ಲರೂ ತಗೋತಾರೆ. ಎರಡನೇ ಬಾಟಲಿ ತಗೊಳ್ಳುವವರು ಕಮ್ಮಿ. ಯಾಕೆ ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. "ಮಗು ಗುಂಡಗಾಯ್ತಲ್ಲ ಮೇಡಂ, ಇನ್ಯಾಕೆ ಅಂತ ಅತ್ತೆ ಬೇಡ ಅಂದ್ರು." ಅತ್ತೆಯನ್ನು ಬೈದು ಪ್ರಯೋಜನವಿಲ್ಲ. ನೋಡುವವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಮಗು ಗುಂಡಗಾಗುತ್ತಿರುವ ಆ ಹೊತ್ತಿನಲ್ಲೇ ಅದರ ಮೈಯೊಳಗಿನ ಕಬ್ಬಿಣ ಖಾಲಿಯಾಗುತ್ತಾ ಬರುತ್ತದೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ.

ಸ್ವಲ್ಪ ಲೆಕ್ಕ ನೋಡೋಣ. ಕಷ್ಟದ ಲೆಕ್ಕವೇನಲ್ಲ. ಮಗುವಿಗೆ ಬೇಕಾದ ಕಬ್ಬಿಣ ತಾಯಿಯಿಂದ ಹೊಕ್ಕುಳಬಳ್ಳಿಯ ಮೂಲಕ ಹೋಗುತ್ತದೆ. ಒಂಬತ್ತು ತಿಂಗಳೂ ಒಂದೇ ಸಮ ಹೋಗುವುದಿಲ್ಲ. ಅದರಲ್ಲಿ ಬಹುಪಾಲು ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಮಳೆ ಹಿಡಿಯುವ ಮೊದಲು ಸೌದೆ ಕೊಟ್ಟಿಗೆ ತುಂಬಿಸಿಕೊಳ್ಳಬೇಕು. ಏಳು ತಿಂಗಳಿಗೆ ಹುಟ್ಟಿದ ಮಗುವಿಗೆ ಕೊಟ್ಟಿಗೆ ಅರ್ಧ ಆಗುವ ಮೊದಲೇ ಮಳೆ ಬಂದಿರುತ್ತದೆ.

ತಿಂಗಳು ತುಂಬಿ ಹುಟ್ಟಿದ ಮಗುವಿನ ಮೈಯಲ್ಲಿ ಕೆಜಿ ತೂಕಕ್ಕೆ ಸುಮಾರು 75 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಮೂರು ಕೆಜಿ ಮಗು ಅಂದರೆ ಒಟ್ಟು 225 ಮಿಲಿಗ್ರಾಂ. ಒಂದೂವರೆ ಕೆಜಿ ಮಗುವಿಗೂ ಕೆಜಿಗೆ ಅಷ್ಟೇ ಇದೆ ಅಂತಲೇ ಇಟ್ಟುಕೊಳ್ಳಿ, ಒಟ್ಟು 112 ಆಸುಪಾಸು. ಈಗ ಎರಡೂ ಮಕ್ಕಳು ಬೆಳೆಯುತ್ತವೆ. ಮೂರು ಕೆಜಿ ಮಗು ಆರು ಕೆಜಿ ಆದರೆ ತೂಕ ಎರಡು ಪಟ್ಟು. ಒಂದೂವರೆ ಕೆಜಿಯ ಮಗು ಆರು ಕೆಜಿಗೆ ಬಂದರೆ ನಾಲ್ಕು ಪಟ್ಟು. ಮೈ ಬೆಳೆದಂತೆ ರಕ್ತವೂ ಬೆಳೆಯಬೇಕು. ರಕ್ತದ ಹಿಮೋಗ್ಲೋಬಿನ್‌ಗೆ ಕಬ್ಬಿಣ ಬೇಕೇ ಬೇಕು, ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಂದರೆ ಚೆನ್ನಾಗಿ ಬೆಳೆಯುವ ಸಣ್ಣ ಮಗು ತನ್ನ ದಾಸ್ತಾನನ್ನು ಬೇಗ ಮುಗಿಸುತ್ತದೆ. ತುಂಬಿದ ಮಗುವಿಗೆ ನಾಲ್ಕರಿಂದ ಆರು ತಿಂಗಳು ಬರುವ ದಾಸ್ತಾನು ಇದಕ್ಕೆ ಎರಡು ಮೂರು ತಿಂಗಳಿಗೇ ಮುಗಿಯಬಹುದು. ತಾಯಿ ಚೆನ್ನಾಗಿ ಹಾಲು ಕುಡಿಸಿದಷ್ಟೂ, ಮಗು ಚೆನ್ನಾಗಿ ತೂಕ ಹಾಕಿದಷ್ಟೂ ಬೇಗ ಮುಗಿಯುತ್ತದೆ.

ಇದರ ಜೊತೆಗೆ ಆಸ್ಪತ್ರೆಯಲ್ಲಿ ನಾವೇ ಒಂದಿಷ್ಟು ರಕ್ತ ತೆಗೆದಿರುತ್ತೇವೆ. ಒಂದು ಕೆಜಿ ಮಗುವಿನ ಮೈಯಲ್ಲಿ ಇರುವ ಒಟ್ಟು ರಕ್ತವೇ ಹತ್ತಿರಹತ್ತಿರ 90 ಎಂಎಲ್. ಅದರಲ್ಲಿ ಪರೀಕ್ಷೆಗೆ ಅಂತ ಒಂದು ಎಂಎಲ್, ಎರಡು ಎಂಎಲ್ ತೆಗೆದರೂ ಅದು ಸಣ್ಣ ಲೆಕ್ಕವಲ್ಲ.

ಇಲ್ಲಿ ಒಂದು ಗೊಂದಲ ಇದೆ, ನರ್ಸ್‌ಗಳೂ ಕೇಳುತ್ತಾರೆ. ಹುಟ್ಟಿದ ಒಂದು ಎರಡು ತಿಂಗಳಲ್ಲಿ ಇಂಥ ಮಕ್ಕಳ ಹಿಮೋಗ್ಲೋಬಿನ್ ತಾನಾಗಿಯೇ ಇಳಿಯುತ್ತದೆ. ಆಗ ಕಬ್ಬಿಣ ಕೊಟ್ಟರೂ ಆ ಇಳಿತ ನಿಲ್ಲುವುದಿಲ್ಲ. ಯಾಕೆಂದರೆ ಅದಕ್ಕೆ ಕಾರಣ ಬೇರೆ. ರಕ್ತ ತಯಾರು ಮಾಡು ಅಂತ ಮೂಳೆಯ ಮಜ್ಜೆಗೆ ಹೇಳುವ ಎರಿಥ್ರೋಪೊಯಿಟಿನ್ ಅನ್ನುವ ಹಾರ್ಮೋನು ಈ ಮಕ್ಕಳಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಹಾಗಾದರೆ ಕಬ್ಬಿಣ ಕೊಟ್ಟು ಏನು ಪ್ರಯೋಜನ ಅಂತ ಕೆಲವರು ಬಿಟ್ಟುಬಿಡುತ್ತಾರೆ. ಪ್ರಯೋಜನ ಆಮೇಲೆ ಇದೆ. ಆ ಹಾರ್ಮೋನು ಎಚ್ಚೆತ್ತು ಮಜ್ಜೆ ಕೆಲಸ ಶುರು ಮಾಡುತ್ತದಲ್ಲ, ಆಗ ಸಾಮಗ್ರಿ ಇರಬೇಕು. ಅಷ್ಟೇ.

ಇನ್ನು ಎದೆಹಾಲಿನ ವಿಷಯ. ಇದನ್ನು ಹುಷಾರಾಗಿ ಹೇಳಬೇಕು, ಇಲ್ಲದಿದ್ದರೆ ನಾಳೆ ಯಾರೋ ಡಬ್ಬಿ ಹಾಲು ಶುರು ಮಾಡುತ್ತಾರೆ. ಎದೆಹಾಲಿನಲ್ಲಿ ಕಬ್ಬಿಣ ಕಮ್ಮಿಯೇ. ಒಂದು ಲೀಟರಿಗೆ ಅರ್ಧ ಮಿಲಿಗ್ರಾಮೂ ಇರುವುದಿಲ್ಲ. ಇರುವುದು ಚೆನ್ನಾಗಿ ಮೈಗೆ ಹತ್ತುತ್ತದೆ, ತುಂಬಿದ ಮಗುವಿಗೆ ಅದು ಮತ್ತು ಹುಟ್ಟುವಾಗಿನ ದಾಸ್ತಾನು ಎರಡೂ ಸೇರಿ ಸಾಕಾಗುತ್ತದೆ. ಸಣ್ಣ ಮಗುವಿಗೆ ಸಾಲುವುದಿಲ್ಲ. ಆದರೆ ಅದಕ್ಕೆ ಮದ್ದು ಎದೆಹಾಲು ಬಿಡಿಸುವುದಲ್ಲ, ಎದೆಹಾಲಿನ ಜೊತೆಗೆ ಹನಿ ಕೊಡುವುದು. ಹಸುವಿನ ಹಾಲನ್ನಂತೂ ಒಂದು ವರ್ಷದೊಳಗೆ ಮುಖ್ಯ ಆಹಾರವಾಗಿ ಕೊಡಲೇಬೇಡಿ. ಮನೆ ಹಸು, ಕಣ್ಣೆದುರೇ ಕರೆದ ಹಾಲು, ನೀರು ಸೇರಿಸಿಲ್ಲ, ಎಲ್ಲ ನಿಜ. ಆದರೆ ಅದರಲ್ಲೂ ಕಬ್ಬಿಣ ಇಲ್ಲ, ಇದ್ದದ್ದೂ ಮೈಗೆ ಹತ್ತುವುದಿಲ್ಲ. ಜೊತೆಗೆ ಎಳೆ ಮಕ್ಕಳ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಹೋಗುವಂತೆ ಮಾಡುತ್ತದೆ.

ತಾಯಿ ಸೊಪ್ಪು, ಮೊಟ್ಟೆ ಚೆನ್ನಾಗಿ ತಿಂದರೆ ಹಾಲಿನಲ್ಲಿ ಕಬ್ಬಿಣ ಜಾಸ್ತಿ ಆಗಲ್ವಾ ಅಂತ ಕೇಳುತ್ತೀರಿ. ಆಗುವುದಿಲ್ಲ. ತಾಯಿ ತಿನ್ನಬೇಕು, ತನಗಾಗಿ ತಿನ್ನಬೇಕು. ಹಾಲಿನ ಕಬ್ಬಿಣದ ಮಟ್ಟ ಅದರಿಂದ ಹೆಚ್ಚುಕಮ್ಮಿ ಆಗುವುದಿಲ್ಲ.

ಕಬ್ಬಿಣ ಅಂದರೆ ರಕ್ತ ಅಂತ ಮಾತ್ರ ಎಲ್ಲರ ತಲೆಯಲ್ಲಿದೆ. ನನಗೆ ಅದಕ್ಕಿಂತ ಚಿಂತೆ ಮಿದುಳಿನದ್ದು. ಹುಟ್ಟಿದ ಮೊದಲ ಎರಡು ವರ್ಷ ಮಿದುಳು ಭಾರಿ ವೇಗದಲ್ಲಿ ಬೆಳೆಯುತ್ತದೆ. ನರಗಳ ಮೇಲಿನ ಹೊದಿಕೆ ಆಗುವುದಕ್ಕೆ, ನರಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕಗಳಿಗೆ ಕಬ್ಬಿಣ ಬೇಕು. ಕಬ್ಬಿಣ ಸಾಲದೆ ಬಂದಾಗ ಮೈ ಮೊದಲು ರಕ್ತಕ್ಕೆ ಕೊಡುತ್ತದೆ, ಮಿದುಳಿಗೆ ಆಮೇಲೆ. ಅಂದರೆ ಹಿಮೋಗ್ಲೋಬಿನ್ ಇನ್ನೂ ಸರಿಯಾಗಿರುವಾಗಲೇ ಮಿದುಳಿಗೆ ಕೊರತೆ ಶುರುವಾಗಿರಬಹುದು. ಮಗು ಬಿಳಿಚಿಕೊಂಡ ಮೇಲೆ ನೋಡೋಣ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಸ್ವೀಡನ್ನಿನಲ್ಲಿ ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಆಯಿತು, 2010ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡರಿಂದ ಎರಡೂವರೆ ಕೆಜಿ ಇದ್ದ 285 ಮಕ್ಕಳು. ಗಮನಿಸಿ, ತೀರಾ ಸಣ್ಣ ಮಕ್ಕಳಲ್ಲ, ನಮ್ಮಲ್ಲಿ "ಪರವಾಗಿಲ್ಲ, ಎರಡೂ ಕಾಲು ಇದೆ" ಅಂತ ಸಮಾಧಾನ ಮಾಡಿಕೊಳ್ಳುವಂಥವು. ಕೆಲವಕ್ಕೆ ಬರೀ ಹೆಸರಿಗೆ ಹನಿ, ಕೆಲವಕ್ಕೆ ದಿನಕ್ಕೆ ಕೆಜಿ ತೂಕಕ್ಕೆ ಒಂದು ಮಿಲಿಗ್ರಾಂ ಕಬ್ಬಿಣ, ಇನ್ನು ಕೆಲವಕ್ಕೆ ಎರಡು ಮಿಲಿಗ್ರಾಂ. ಆರು ವಾರದಿಂದ ಆರು ತಿಂಗಳವರೆಗೆ. ಕೊನೆಗೆ ನೋಡಿದರೆ, ಕಬ್ಬಿಣ ಸಿಗದ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಕ್ಕಳಿಗೆ ಕಬ್ಬಿಣದ ಕೊರತೆಯ ರಕ್ತಹೀನತೆ. ಎರಡು ಮಿಲಿಗ್ರಾಂ ಸಿಕ್ಕವರಲ್ಲಿ ಒಬ್ಬರಿಗೂ ಇಲ್ಲ. ಅದೇ ಮಕ್ಕಳನ್ನು ಮೂರೂವರೆ ವರ್ಷಕ್ಕೆ ಮತ್ತೆ ನೋಡಿದರು. ಹಠ, ಚಂಚಲ ಇಂಥ ನಡವಳಿಕೆಯ ತೊಂದರೆ ಕಬ್ಬಿಣ ಸಿಗದ ಗುಂಪಿನಲ್ಲಿ ನೂರಕ್ಕೆ 13ರ ಹತ್ತಿರ, ಸಿಕ್ಕವರಲ್ಲಿ 3ರ ಹತ್ತಿರ. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಇದನ್ನು ಕೊಟ್ಟರೆ ಮಗು ಜಾಣ ಆಗುತ್ತೆ ಅಂತ ಯಾರಾದರೂ ಟಾನಿಕ್ ಮಾರಲು ಬಂದರೆ ನಂಬಬೇಡಿ.

ಸರಿ, ಎಷ್ಟು ಕೊಡಬೇಕು? ಎದೆಹಾಲು ಕುಡಿಯುವ ಕಡಿಮೆ ತೂಕದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿರುವುದು ದಿನಕ್ಕೆ ಕೆಜಿ ತೂಕಕ್ಕೆ 2ರಿಂದ 4 ಮಿಲಿಗ್ರಾಂ. ಒಂದೂವರೆ ಕೆಜಿಗಿಂತ ಕಮ್ಮಿ ಇದ್ದ ಮಕ್ಕಳಿಗೆ ಎರಡು ವಾರದಿಂದಲೇ ಶುರು, ಸ್ವಲ್ಪ ದೊಡ್ಡ ಮಕ್ಕಳಿಗೆ ಎರಡು ತಿಂಗಳ ಒಳಗೆ. ಯಾವ ಮಗುವಿಗೆ ಯಾವತ್ತಿನಿಂದ, ಎಷ್ಟು ಅನ್ನುವುದನ್ನು ಮಗುವನ್ನು ನೋಡಿದ ಡಾಕ್ಟರೇ ಹೇಳಬೇಕು. ರಕ್ತ ಕೊಡಿಸಿಕೊಂಡ ಮಗುವಾದರೆ ಆ ರಕ್ತದ ಜೊತೆಗೇ ಕಬ್ಬಿಣ ಬಂದಿರುತ್ತದೆ, ಸ್ವಲ್ಪ ತಡವಾಗಿ ಶುರು ಮಾಡಬೇಕಾಗಬಹುದು. ಮನೆಯಲ್ಲಿ ಯಾರಿಗಾದರೂ ಥಲಸೇಮಿಯಾ, ಅಂದರೆ ವಂಶದಲ್ಲಿ ಬರುವ ರಕ್ತದ ಕಾಯಿಲೆ, ಇದ್ದರೆ ಮೊದಲೇ ಹೇಳಿ. ಜೋರು ಜ್ವರ, ಭೇದಿ, ಕಫ ಕಟ್ಟಿ ಆಸ್ಪತ್ರೆ ಸೇರುವಂಥ ಸ್ಥಿತಿ ಇದ್ದಾಗ ಹನಿ ಮುಂದುವರಿಸಬೇಕೋ ನಿಲ್ಲಿಸಬೇಕೋ ಕೇಳಿ.

ಈಗ ಆಶಾ ಕಾರ್ಯಕರ್ತೆಯರು ಪುಸ್ತಕ ತೆಗೆಯಿರಿ, ಇದು ನಿಮಗೆ. ಬಾಟಲಿಗಳೆಲ್ಲ ಒಂದೇ ಅಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 10 ಮಿಲಿಗ್ರಾಂ ಇರುವುದುಂಟು, 25 ಇರುವುದುಂಟು, 50 ಇರುವುದೂ ಉಂಟು. ಅಂಗನವಾಡಿಗೆ ಬರುವ ಸರ್ಕಾರದ ಸಿರಪ್‌ನಲ್ಲಿ ಎಂಎಲ್‌ಗೆ 20 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಎರಡು ಕೆಜಿ ಮಗುವಿಗೆ ದಿನಕ್ಕೆ 4 ಮಿಲಿಗ್ರಾಂ ಬೇಕು ಅಂದುಕೊಳ್ಳಿ. 10ರ ಬಾಟಲಿಯಲ್ಲಿ ಅದು 0.4 ಎಂಎಲ್. 50ರ ಬಾಟಲಿಯಲ್ಲಿ 0.08 ಎಂಎಲ್, ಅದನ್ನು ಮನೆಯಲ್ಲಿ ಯಾರು ಅಳೆಯುತ್ತಾರೆ? ಅಂಗಡಿಯವರು "ಅದು ಇಲ್ಲ, ಇದೂ ಐರನ್ನೇ" ಅಂತ ಬೇರೆ ಕಂಪನಿಯದ್ದು ಕೊಟ್ಟರೆ, ಮೊದಲಿನಷ್ಟೇ ಹಾಕಿದರೆ, ಐದು ಪಟ್ಟು ಜಾಸ್ತಿ ಹೋಗಬಹುದು. ಅದಕ್ಕೇ ತಾಯಿ ಕಾರ್ಡಿನಲ್ಲಿ "ಐರನ್ ಡ್ರಾಪ್ಸ್, 8 ಹನಿ" ಅಂತ ಬರೆದರೆ ಸಾಲದು. ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಇರುವ ಬಾಟಲಿ, ದಿನಕ್ಕೆ ಎಷ್ಟು ಎಂಎಲ್, ಎರಡೂ ಬರೆಯಿರಿ. ಬಾಟಲಿ ಮೇಲೆ ಎಲಿಮೆಂಟಲ್ ಐರನ್ ಅಂತ ಇರುವ ಸಂಖ್ಯೆಯನ್ನೇ ನೋಡಿ. ಫೆರಸ್ ಸಲ್ಫೇಟ್, ಫೆರಸ್ ಆಸ್ಕಾರ್ಬೇಟ್ ಅಂತ ಲವಣದ ತೂಕ ಬೇರೆ, ಅದರೊಳಗಿನ ಕಬ್ಬಿಣದ ತೂಕ ಬೇರೆ. ಅಳೆಯಲು ಸೂಜಿ ಇಲ್ಲದ 1 ಎಂಎಲ್ ಸಿರಿಂಜ್ ಎಲ್ಲಕ್ಕಿಂತ ವಾಸಿ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಎರಡು ಕೆಜಿ ಇದ್ದಾಗ 0.4 ಎಂಎಲ್ ಅಂತ ಬರೆದುಕೊಟ್ಟ ಮಗು ನಾಲ್ಕು ತಿಂಗಳಿಗೆ ನಾಲ್ಕೂವರೆ ಕೆಜಿ ಆಯಿತು. ಮನೆಯವರು ಪಾಪ, ಒಂದು ದಿನ ತಪ್ಪದೆ ಆ 0.4 ಎಂಎಲ್ ಕೊಡುತ್ತಿದ್ದಾರೆ. ಬೇಕಾಗಿದ್ದು 9 ಮಿಲಿಗ್ರಾಂ, ಹೋಗುತ್ತಿರುವುದು 4. ಕೆಜಿಗೆ ಒಂದು ಮಿಲಿಗ್ರಾಮೂ ಇಲ್ಲ. ಔಷಧಿ ಕೊಡುತ್ತಿದ್ದೀರಾ ಅಂದರೆ ಹೌದು, ಬಾಟಲಿ ತೋರಿಸುತ್ತಾರೆ. ನಾವೂ ಸರಿ ಅಂತ ಟಿಕ್ ಹಾಕಿ ಬರುತ್ತೇವೆ. ಹನಿ ನಿಲ್ಲಿಸಿದವರು ಕಣ್ಣಿಗೆ ಬೀಳುತ್ತಾರೆ, ಪ್ರಮಾಣ ಏರಿಸದವರು ಬೀಳುವುದಿಲ್ಲ. ನನಗೆ ಈ ಎರಡನೆಯವರದ್ದೇ ದೊಡ್ಡ ಸಮಸ್ಯೆ ಅನ್ನಿಸುತ್ತದೆ. ಪ್ರತಿ ಸಲ ತೂಕ ನೋಡಿದಾಗ ಹನಿಯ ಲೆಕ್ಕವನ್ನೂ ನೋಡಬೇಕು. ನೀವು ಮನೆ ಭೇಟಿಗೆ 3, 6, 9, 12, 15 ತಿಂಗಳಿಗೆ ಹೋಗುತ್ತೀರಿ. ಚುಚ್ಚುಮದ್ದಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಅವರೇ ಬರುತ್ತಾರೆ. ತೂಕದ ಯಂತ್ರ ಅಲ್ಲೇ ಇರುತ್ತದೆ. ಇದಕ್ಕಾಗಿ ಹೊಸ ದಿನ ಹುಡುಕಬೇಕಾಗಿಲ್ಲ.

ಬಾಣಂತನಕ್ಕೆ ತವರಿಗೆ ಹೋದಾಗ ಕೊಂಡಿ ತಪ್ಪುತ್ತದೆ. ಹೆರಿಗೆ ಹಾಸನದಲ್ಲಿ, ಬಾಣಂತನ ಅರಕಲಗೂಡಿನ ಕಡೆ ಹಳ್ಳಿಯಲ್ಲಿ, ಐದನೇ ತಿಂಗಳಿಗೆ ಗಂಡನ ಮನೆ ಸಕಲೇಶಪುರದ ಆಚೆ. ಮೂರು ಊರು, ಮೂವರು ಆಶಾ. ಯಾರಿಗೂ ಇದು ನನ್ನ ಮಗು ಅನ್ನಿಸುವುದಿಲ್ಲ. ಅದರ ಮೇಲೆ ಜುಲೈ ಮಳೆ. ಬಸ್ಸಿಲ್ಲ, ಮೆಡಿಕಲ್ ಸ್ಟೋರ್ ದೂರ. 15 ಎಂಎಲ್ ಬಾಟಲಿ ದಿನಕ್ಕೆ 0.4ರಂತೆ ಒಂದು ತಿಂಗಳು ಚಿಲ್ಲರೆ ಬರುತ್ತದೆ, ಪ್ರಮಾಣ ಏರಿಸಿದ ಮೇಲೆ ಅಷ್ಟೂ ಇಲ್ಲ. ಮಳೆಗಾಲದಲ್ಲಿ ಎರಡು ಬಾಟಲಿ ಒಟ್ಟಿಗೇ ಬರೆಸಿಕೊಳ್ಳಿ ಅಂತ ನಾನೇ ಹೇಳುತ್ತೇನೆ.

ಕೊಡುವ ರೀತಿ ಬಹಳ ಸುಲಭ. ಎರಡು ಹಾಲಿನ ನಡುವೆ, ಕೆನ್ನೆಯ ಒಳಬದಿಗೆ ನಿಧಾನವಾಗಿ. ಹಾಲಿಗೆ ಬೆರೆಸಬೇಡಿ. ಹಲ್ಲು ಬಂದ ಮಕ್ಕಳಿಗೆ ಕಪ್ಪು ಕಲೆ ಹಿಡಿಯಬಹುದು, ಹಿಂದೆಯೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಕಕ್ಕ ಕಪ್ಪಗೆ, ಹಸಿರು ಮಿಶ್ರ ಕಪ್ಪಗೆ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಬಾಟಲಿ ಕಸಕ್ಕೆ ಹೋಗುತ್ತದೆ, ನಂಬಿ. ಉಷ್ಣ ಆಗಿದೆ, ದೃಷ್ಟಿ ಆಗಿದೆ ಅಂತ ಬಜೆ ತೇಯ್ದು ನೆಕ್ಕಿಸುವುದೂ ಶುರುವಾಗುತ್ತದೆ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ನಾನು ಅಡ್ಡ ಬರುವುದಿಲ್ಲ. ಬಾಯಿಗೆ ಮಾತ್ರ ಏನೂ ಹಾಕಬೇಡಿ. ಕೆಂಪು ರಕ್ತ ಕಂಡರೆ, ಮಗು ಹಾಲು ಬಿಟ್ಟರೆ, ಹೊಟ್ಟೆ ಉಬ್ಬಿದರೆ ಆಸ್ಪತ್ರೆಗೆ ಬನ್ನಿ, ಅದು ಬೇರೆ ವಿಷಯ.

ರಾಗಿ ಸರಿ ಬಗ್ಗೆ ಹೇಳದಿದ್ದರೆ ನಮ್ಮ ಜಿಲ್ಲೆಯಲ್ಲಿ ಮಾತು ಮುಗಿಯುವುದಿಲ್ಲ. ರಾಗಿ ಒಳ್ಳೆಯದು, ನಾನೂ ಅದನ್ನೇ ತಿಂದು ಬೆಳೆದವಳು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಕಬ್ಬಿಣ ಇರುವುದು ನಾಲ್ಕೈದು ಮಿಲಿಗ್ರಾಂ ಮಾತ್ರ, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ಕಾಳಿನಲ್ಲಿರುವ ಫೈಟೇಟ್ ಅನ್ನುವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಜ್ಜಿಯರು ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರಲ್ಲ, ಆ ಮೊಳಕೆ ಕಟ್ಟುವ ಕೆಲಸದಿಂದ ಫೈಟೇಟ್ ಕಮ್ಮಿಯಾಗುತ್ತದೆ. ಬಿಡಬೇಡಿ, ಮಾಡಿ. ಆದರೆ ಮಗು ಒಂದು ಹೊತ್ತಿಗೆ ತಿನ್ನುವುದು ಎರಡು ಮೂರು ಚಮಚ ಹಿಟ್ಟಿನ ಸರಿ. ಅದು ಹನಿಯ ಜಾಗ ತುಂಬುವುದಿಲ್ಲ.

ಕಾಫಿ ನಾಡಿನಲ್ಲಿ ನಿಂತು ಕಾಫಿಗೆ ಬೈಯಲು ನನಗೂ ಧೈರ್ಯ ಸಾಲದು. ಆದರೂ ಬಸುರಿಯರಿಗೆ ಒಂದು ಮಾತು. ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಮಾತ್ರೆ. ಅದನ್ನು ಕಾಫಿ ಜೊತೆ, ಊಟವಾದ ಕೂಡಲೇ ಕಾಫಿ ಕುಡಿದು ನುಂಗಿದರೆ ಅರ್ಧ ವ್ಯರ್ಥ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಇನ್ನೂ ಒಳ್ಳೆಯದು. ಹೆರಿಗೆ ಮಾಡಿಸುವ ಸಿಸ್ಟರ್‌ಗಳು ಇಲ್ಲಿದ್ದರೆ ಅವರಿಗೆ: ಮಗು ಉಸಿರಾಡುತ್ತಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯಿರಿ. ಆ ಒಂದು ನಿಮಿಷದಲ್ಲಿ ಬಳ್ಳಿಯಿಂದ ಮಗುವಿಗೆ ಹೋಗುವ ರಕ್ತದಲ್ಲಿರುವ ಕಬ್ಬಿಣ ಪುಕ್ಕಟೆ.

ಆ ಕೆಂಪು ಮಾತ್ರೆಯ ಬಗ್ಗೆಯೇ ಒಂದು ಎಚ್ಚರಿಕೆ. ಮನೆಯಲ್ಲಿ ದೊಡ್ಡ ಮಗು ಇದ್ದರೆ ಅದಕ್ಕೆ ಇದು ಪೆಪ್ಪರಮೆಂಟಿನ ಹಾಗೆ ಕಾಣುತ್ತದೆ. ಹತ್ತು ಕೆಜಿ ಮಗು ನಾಲ್ಕೈದು ನುಂಗಿದರೆ ವಾಂತಿ, ಹೊಟ್ಟೆನೋವು. ಹತ್ತು ನುಂಗಿದರೆ ಜೀವಕ್ಕೇ ಅಪಾಯ. ನುಂಗಿದ್ದು ಗೊತ್ತಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಮಾತ್ರೆಯ ಪಟ್ಟಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಅಜ್ಜಿ, "ಬೀಟ್‌ರೂಟ್ ರಸ ಕುಡಿಸಿದ್ರೆ ರಕ್ತ ಆಗಲ್ವೇನವ್ವ?" ಅಂದರು. ಇಲ್ಲ ಅಜ್ಜಿ, ಬಣ್ಣ ಕೆಂಪು, ಅಷ್ಟೇ. ಆರು ತಿಂಗಳವರೆಗೆ ಎದೆಹಾಲು ಮತ್ತು ಡಾಕ್ಟರು ಕೊಟ್ಟ ಹನಿ ಬಿಟ್ಟು ಏನೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ.

ಎಸ್ಟೇಟ್ ಲೈನ್ ಮನೆಗಳ ಕಡೆ ಕೆಲಸ ಮಾಡುವ ಆಶಾ ಒಬ್ಬರದ್ದು ನಿಜವಾದ ಕಷ್ಟ. ಕಾಫಿ ಕೊಯ್ಲಿಗೆ ಹೊರಗಿನಿಂದ ಬಂದವರು ಕೊಯ್ಲು ಮುಗಿದ ಕೂಡಲೇ ಮಗು ಕಟ್ಟಿಕೊಂಡು ಹೊರಟುಬಿಡುತ್ತಾರೆ, ಭಾಷೆಯೂ ಬರುವುದಿಲ್ಲ. ಏನು ಮಾಡೋದು ಮೇಡಂ? ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ. ಕಾರ್ಡಿನಲ್ಲಿ ಹುಟ್ಟಿದ ತೂಕ, ಈಗಿನ ತೂಕ, ಕೆಜಿಗೆ ಎಷ್ಟು ಮಿಲಿಗ್ರಾಂ ಅನ್ನುವುದನ್ನು ಅಂಕಿಯಲ್ಲಿ ದೊಡ್ಡದಾಗಿ ಬರೆಯಿರಿ. ಅಂಕಿಯನ್ನು ಯಾವ ಊರಿನ ನರ್ಸ್ ಆದರೂ ಓದುತ್ತಾರೆ. ಖಾಲಿ ಬಾಟಲಿಯನ್ನು ಎಸೆಯದೆ ಜೊತೆಗೆ ಒಯ್ಯಲು ಹೇಳಿ, ಹೋದಲ್ಲಿ ಅದನ್ನೇ ತೋರಿಸಿ ಕೊಂಡುಕೊಳ್ಳಬಹುದು.

ಕೊನೆಯದು ಒಬ್ಬ ತಾಯಿಯದ್ದು. ಎಲ್ಲಿವರೆಗೆ ಕೊಡಬೇಕು, ಆಮೇಲೆ ಅಂಗನವಾಡಿ ಸಿರಪ್ ಕೊಡುತ್ತಾರಲ್ಲ, ಎರಡೂ ಕೊಡಬೇಕಾ? ಸಾಮಾನ್ಯವಾಗಿ ಒಂದು ವರ್ಷ ತುಂಬುವವರೆಗೆ ದಿನದ ಹನಿ ಬೇಕು, ಕೆಲವು ಮಕ್ಕಳಿಗೆ ಅದಕ್ಕೂ ಮುಂದೆ. ಸರ್ಕಾರದ ಸಿರಪ್ ಆರು ತಿಂಗಳಿನಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ವಾರಕ್ಕೆ ಎರಡು ಸಲ ಒಂದೊಂದು ಎಂಎಲ್. ದಿನವೂ ಹನಿ ಹೋಗುತ್ತಿರುವ ಮಗುವಿಗೆ ಅದರ ಮೇಲೆ ಇದನ್ನೂ ಸೇರಿಸಬೇಡಿ. ಹನಿ ನಿಲ್ಲಿಸಿ ಅಂತ ಡಾಕ್ಟರು ಹೇಳಿದ ಮೇಲೆ ಅಂಗನವಾಡಿ ಸಿರಪ್ ಶುರು ಮಾಡಿ. ವಯಸ್ಸಿನ ಲೆಕ್ಕ ಹುಟ್ಟಿದ ದಿನದಿಂದಲೇ, ಹೆರಿಗೆ ಆಗಬೇಕಿದ್ದ ದಿನದಿಂದ ಅಲ್ಲ. ಕೂರುವುದು, ತೆವಳುವುದು ಇಂಥದ್ದಕ್ಕೆ ಮಾತ್ರ ಆ ಎರಡನೇ ತಾರೀಖು ನೋಡಿ.